ರೈಲು ನಿಲ್ಲಿಸದೆ ಸ್ಟೇಷನ್ ದುರಸ್ತಿ: ನ್ಯೂಯಾರ್ಕ್ ಸಬ್‌ವೇಯಲ್ಲಿ ಮುಚ್ಚುವ ಲೆಕ್ಕ

ದುರಸ್ತಿಯ ನಕ್ಷೆ ಕೈಗೆ ಬಂದ ಕೂಡಲೇ ನಾನು ಮೊದಲು ಎಣಿಸುವುದು ಮೆಟ್ಟಿಲುಗಳನ್ನು. ಎಷ್ಟು ಸಾಲು, ಒಂದೊಂದರ ಅಗಲ ಎಷ್ಟು, ಪ್ಲಾಟ್‌ಫಾರ್ಮಿನ ಯಾವ ತುದಿಗೆ ಇಳಿಯುತ್ತವೆ. ಟೈಲ್ಸ್, ದೀಪ, ಬಣ್ಣ ಎಲ್ಲ ಆಮೇಲೆ. ಯಾವ ಭಾಗವನ್ನು ಯಾವಾಗ ಮುಚ್ಚಬೇಕು, ಮುಚ್ಚಿದ ಹೊತ್ತಿನಲ್ಲಿ ಜನ ಎಲ್ಲಿಂದ ಓಡಾಡಬೇಕು ಎಂದು ಹಂತ ಹಂತವಾಗಿ ಬರೆದು ಕೊಡುವುದು ನನ್ನ ಕೆಲಸ. ನ್ಯೂಯಾರ್ಕಿನ ಸಬ್‌ವೇ, ಅಂದರೆ ಇಲ್ಲಿನ ಮೆಟ್ರೊಗೆ, 472 ಸ್ಟೇಷನ್‌ಗಳಿವೆ. ಮೊದಲ ರೈಲು ಸಾಲು ಶುರುವಾದದ್ದು 1904ರಲ್ಲಿ. ಬೆಂಗಳೂರಿನ ಮೆಟ್ರೊ ರಾತ್ರಿ ಕೆಲವು ಗಂಟೆ ಮಲಗುತ್ತದೆ, ಆ ಹೊತ್ತಿನಲ್ಲಿ ರಿಪೇರಿಯವರು ಹಳಿಗೆ ಇಳಿಯಬಹುದು. ಇಲ್ಲಿ ಆ ಸೌಕರ್ಯ ಇಲ್ಲ, ಇಡೀ ರಾತ್ರಿ ರೈಲು ಓಡುತ್ತದೆ. ಕೋವಿಡ್ ಸಮಯದಲ್ಲಿ, 2020ರ ಮೇ ತಿಂಗಳಿಂದ 2021ರ ಮೇ ತಿಂಗಳವರೆಗೆ, ರಾತ್ರಿ ಕೆಲವು ಗಂಟೆ ಪ್ರಯಾಣಿಕರಿಗೆ ಬಾಗಿಲು ಹಾಕಿದ್ದು ಬಿಟ್ಟರೆ ದಿನವೂ ಇದೇ ಕಥೆ.

ಆದ್ದರಿಂದ ಮುಚ್ಚುವ ಬಗೆ ಮೂರೇ. ಸ್ಟೇಷನ್ ಪೂರ್ತಿ ಮುಚ್ಚಿ ಕೆಲವು ತಿಂಗಳಲ್ಲಿ ಮುಗಿಸುವುದು ಒಂದು. ಒಂದು ದಿಕ್ಕಿನ ಪ್ಲಾಟ್‌ಫಾರ್ಮ್ ಮಾತ್ರ ಮುಚ್ಚಿ, ಅದು ಮುಗಿದ ಮೇಲೆ ಇನ್ನೊಂದಕ್ಕೆ ಹೋಗುವುದು ಎರಡನೆಯದು. ಏನನ್ನೂ ಮುಚ್ಚದೆ ರಾತ್ರಿ ಮತ್ತು ವಾರಾಂತ್ಯದಲ್ಲಿ ಕೆರೆದು ಕೆರೆದು ಮಾಡುವುದು ಮೂರನೆಯದು. ಕೇಳಿದರೆ ಜನರೆಲ್ಲ ಮೂರನೆಯದನ್ನೇ ಆರಿಸುತ್ತಾರೆ. ಅದು ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ನಿಧಾನ. ವಾರದ ದಿನ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಏಳು ಗಂಟೆ ಸಿಗುತ್ತದೆ ಎಂದು ಕಾಗದದಲ್ಲಿ ಇರುತ್ತದೆ. ರೈಲು ಚಾಲಕರಿಗೆ ಎಚ್ಚರಿಕೆ ತೋರಿಸುವ ಫ್ಲ್ಯಾಗರ್‌ಗಳು ಜಾಗ ಹಿಡಿದು, ರೈಲಿಗೆ ವಿದ್ಯುತ್ ಕೊಡುವ ಮೂರನೇ ಹಳಿಯ ಕರೆಂಟ್ ತೆಗೆಸಿ, ಸಾಮಾನು ಮೇಲೆ ಸಾಗಿಸಿ, ಕೊನೆಗೆ ಎಲ್ಲ ಗುಡಿಸಿ ಹಳಿ ವಾಪಸ್ ಒಪ್ಪಿಸುವಷ್ಟರಲ್ಲಿ ಸುತ್ತಿಗೆ ಹಿಡಿಯಲು ಉಳಿಯುವುದು ನಾಲ್ಕು ಗಂಟೆ. ಮಾಮೂಲಿ ಕಾಂಕ್ರೀಟ್ ಈ ಅವಧಿಯಲ್ಲಿ ಗಟ್ಟಿಯಾಗುವುದಿಲ್ಲ. ಬೇಗ ಸೆಟ್ ಆಗುವ ಮಿಶ್ರಣ ತರಿಸಬೇಕು, ಇಲ್ಲವೆ ಬೇರೆಡೆ ಮೊದಲೇ ಎರಕ ಹೊಯ್ದ ಪ್ರೀಕಾಸ್ಟ್ ಫಲಕ ತಂದು ಕೂರಿಸಬೇಕು.

ಪೂರ್ತಿ ಮುಚ್ಚುವುದಕ್ಕೆ ಚೆನ್ನಾಗಿ ಗೊತ್ತಿರುವ ಉದಾಹರಣೆ ನಗರದ ಕ್ವೀನ್ಸ್ ಭಾಗದ ಆಸ್ಟೋರಿಯಾ ಸಾಲು, ಎನ್ ಮತ್ತು ಡಬ್ಲ್ಯೂ ರೈಲುಗಳು ಓಡುವ ಮೇಲ್ಸೇತುವೆ ಹಳಿ. 30ನೇ ಅವೆನ್ಯೂ ಮತ್ತು 36ನೇ ಅವೆನ್ಯೂ ಸ್ಟೇಷನ್‌ಗಳನ್ನು 2017ರ ಅಕ್ಟೋಬರ್‌ನಲ್ಲಿ ಮುಚ್ಚಿ 2018ರ ಜೂನ್‌ನಲ್ಲಿ ತೆರೆದರು. ಆಮೇಲೆ ಬ್ರಾಡ್‌ವೇ ಮತ್ತು 39ನೇ ಅವೆನ್ಯೂ, 2018ರ ಜುಲೈನಿಂದ 2019ರ ಜನವರಿವರೆಗೆ. ಈ ಜೋಡಿ ಹೇಗೆ ಆರಿಸಿದ್ದಾರೆ ನೋಡಿ. ಹಳಿಯ ಮೇಲೆ ಬರುವ ಕ್ರಮ 30, ಬ್ರಾಡ್‌ವೇ, 36, 39. ಒಂದು ಬಿಟ್ಟು ಒಂದು ಮುಚ್ಚಿದ್ದರಿಂದ ಪ್ರತಿಯೊಬ್ಬರಿಗೂ ಪಕ್ಕದಲ್ಲೇ ಒಂದು ತೆರೆದ ಸ್ಟೇಷನ್ ಉಳಿಯಿತು, ನಡಿಗೆ ಅರ್ಧ ಕಿಲೋಮೀಟರ್ ಆಸುಪಾಸು. ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಮುಚ್ಚಿದ್ದರೆ ನಡುವೆ ಇರುವವರು ಎತ್ತ ಹೋದರೂ ದೂರವೇ. ಗುತ್ತಿಗೆದಾರರಿಗೆ ಅಕ್ಕಪಕ್ಕದ ಸ್ಟೇಷನ್ ಅನುಕೂಲ. ಒಂದೇ ಕ್ರೇನ್, ಒಂದೇ ಉಗ್ರಾಣ ಸಾಕು. ಈ ವಿಷಯದಲ್ಲಿ ಅವರ ಮಾತು ಕೇಳಬಾರದು.

ಆದರೆ ಮುಚ್ಚಿದ ಸ್ಟೇಷನ್ನಿನ ಹೊರೆ ಮಾಯವಾಗುವುದಿಲ್ಲ, ಪಕ್ಕದ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬೀಳುತ್ತದೆ. ಲೆಕ್ಕ ಹೀಗೆ. ಅಮೆರಿಕದ ರೈಲು ನಿಲ್ದಾಣಗಳ ಬೆಂಕಿ ಸುರಕ್ಷತಾ ನಿಯಮ, ಎನ್‌ಎಫ್‌ಪಿಎ 130, ಮೆಟ್ಟಿಲಿನ ಒಂದು ಇಂಚು ಅಗಲಕ್ಕೆ ನಿಮಿಷಕ್ಕೆ 1.41 ಜನ ಎಂದು ಹಿಡಿಯುತ್ತದೆ. ಐದು ಅಡಿ ಮೆಟ್ಟಿಲು ಎಂದರೆ 60 ಇಂಚು, ನಿಮಿಷಕ್ಕೆ ಸುಮಾರು 85 ಜನ. ಸಂಜೆ ಒಂದು ರೈಲಿನಿಂದ 250 ಜನ ಇಳಿದರು ಅನ್ನಿ. ಒಂದೇ ಮೆಟ್ಟಿಲಾದರೆ ಖಾಲಿಯಾಗಲು ಮೂರು ನಿಮಿಷ. ರೈಲು ನಾಲ್ಕು ನಿಮಿಷಕ್ಕೊಂದಾದರೆ ಕಾಗದದ ಮೇಲೆ ಸರಿಹೋಯಿತು. ಈಗ ಕೆಳಗಿನಿಂದ ಹತ್ತಿ ಬರುವವರನ್ನು ಸೇರಿಸಿ. ಐದು ಅಡಿ ಮೆಟ್ಟಿಲಿನಲ್ಲಿ ಇರುವುದೇ ಎರಡು ಸಾಲು. ಒಬ್ಬ ಮನುಷ್ಯ ಎದುರಿನಿಂದ ಹತ್ತಿ ಬಂದರೂ ಒಂದು ಸಾಲು ಹೋಯಿತು. ಮೂರು ನಿಮಿಷ ಆರಾಗುತ್ತದೆ, ಅಷ್ಟರಲ್ಲಿ ಮುಂದಿನ ರೈಲು ಬಂದು ನಿಲ್ಲುತ್ತದೆ. ಮೆಟ್ಟಿಲ ತಲೆಯಲ್ಲಿ ನಿಂತ ಜನ ಪ್ಲಾಟ್‌ಫಾರ್ಮಿನ ಮೇಲೆ ಹಿಂದಕ್ಕೆ ಬೆಳೆಯುತ್ತಾರೆ, ಅಂಚಿನ ಹಳದಿ ಪಟ್ಟಿಯವರೆಗೂ ಬರುತ್ತಾರೆ.

ಇದಕ್ಕೆ ಮದ್ದು ಸುಲಭದ್ದೇ. ದುರಸ್ತಿಯ ಅವಧಿಯಲ್ಲಿ ಎರಡು ಮೆಟ್ಟಿಲಿರುವ ಕಡೆ ಬೆಳಿಗ್ಗೆ ಒಂದನ್ನು ಹತ್ತುವುದಕ್ಕೆ ಮಾತ್ರ, ಸಂಜೆ ಇಳಿಯುವುದಕ್ಕೆ ಮಾತ್ರ ಎಂದು ಮಾಡಿ, ಬುಡದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು. ಬೋರ್ಡು ಹಾಕಿ ಸುಮ್ಮನಾದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅದೇ ನಿಯಮದ ಇನ್ನೊಂದು ಮಾತನ್ನೂ ನೆನಪಿಡಬೇಕು. ತುರ್ತು ಬಂದರೆ ಪ್ಲಾಟ್‌ಫಾರ್ಮ್ ನಾಲ್ಕು ನಿಮಿಷದಲ್ಲಿ ಖಾಲಿಯಾಗಬೇಕು. ಒಂದು ಐದಡಿ ಮೆಟ್ಟಿಲಿನಲ್ಲಿ ನಾಲ್ಕು ನಿಮಿಷಕ್ಕೆ 340 ಜನ, ಅಷ್ಟೆ. ನಿಯಮ ಬರೆದದ್ದು ಹೊಸ ಸ್ಟೇಷನ್ನಿಗೆ, ಹಳೆಯವು ಎಲ್ಲ ಅದಕ್ಕೆ ಹೊಂದುವುದಿಲ್ಲ. ಆದರೂ ನಾನು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತೇನೆ. ಇರುವ ಮೆಟ್ಟಿಲಲ್ಲೇ ಕೊರತೆಯಿದ್ದರೆ, ಅದರಲ್ಲಿ ಇನ್ನೊಂದನ್ನು ಮುಚ್ಚುವ ಪ್ರಶ್ನೆಯೇ ಇಲ್ಲ.

ಹೊಸಬರ ಲೆಕ್ಕಕ್ಕೆ ಸಿಗದ ಒಂದು ಸಂಗತಿಯಿದೆ. ದಿನವೂ ಓಡಾಡುವವರು ಇಳಿಯುವ ಸ್ಟೇಷನ್ನಿನ ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಂಡು ರೈಲು ಹತ್ತುತ್ತಾರೆ. ಉತ್ತರದ ಮೆಟ್ಟಿಲು ಮುಚ್ಚಿ ದಕ್ಷಿಣದ್ದು ಉಳಿಸಿದರೆ ಎರಡೇ ದಿನದಲ್ಲಿ ಆ ಸ್ಟೇಷನ್ನಿನ ಜನರೆಲ್ಲ ದಕ್ಷಿಣ ತುದಿಯ ಡಬ್ಬಿಗಳಲ್ಲಿ ತುಂಬುತ್ತಾರೆ. ಹತ್ತು ಡಬ್ಬಿಯ ರೈಲಿನಲ್ಲಿ ಎರಡು ಡಬ್ಬಿ ಕಿಕ್ಕಿರಿದರೂ ಬಾಗಿಲು ಮುಚ್ಚುವುದು ತಡ, ಆ ತಡ ಹಿಂದಿನ ರೈಲಿಗೆ, ಅದರ ಹಿಂದಿನದಕ್ಕೆ. ಕೆಲಸ ನಡೆಯದ ಸ್ಟೇಷನ್ನಿನವರೂ ತಡವಾಗಿ ಮನೆ ಸೇರುತ್ತಾರೆ, ಕಾರಣ ಅವರಿಗೆ ತಿಳಿಯುವುದೂ ಇಲ್ಲ. ಅದಕ್ಕೇ ಎಣಿಕೆ ಮಾಡುವಾಗ ಗೇಟಿನ ಸಂಖ್ಯೆ ಸಾಲದು, ಡಬ್ಬಿಯ ಬಾಗಿಲಿನ ಲೆಕ್ಕ ತೆಗೆಯಬೇಕು.

ಒಂದು ದಿಕ್ಕು ಮಾತ್ರ ಮುಚ್ಚುವಾಗ ತೊಂದರೆ ಬೇರೆ. ಮ್ಯಾನ್‌ಹಟನ್ ಕಡೆಯ ರೈಲು ನಿಮ್ಮ ಸ್ಟೇಷನ್ನಿನಲ್ಲಿ ನಿಲ್ಲದಿದ್ದರೆ, ಉಲ್ಟಾ ದಿಕ್ಕಿನ ರೈಲು ಹಿಡಿದು ಹಿಂದಿನ ಸ್ಟೇಷನ್ನಿಗೆ ಹೋಗಿ, ಅಲ್ಲಿ ಆಚೆ ಪ್ಲಾಟ್‌ಫಾರ್ಮಿಗೆ ದಾಟಿ, ಮ್ಯಾನ್‌ಹಟನ್ ರೈಲು ಹತ್ತಬೇಕು. ಭಾನುವಾರ ಹತ್ತು ನಿಮಿಷಕ್ಕೊಂದು ರೈಲಿದ್ದರೆ ಈ ಸುತ್ತಿಗೆ ಹತ್ತು ನಿಮಿಷ ಹೆಚ್ಚು. ಎಡವಟ್ಟಾಗುವುದು ಆಚೆ ದಾಟುವಲ್ಲಿ. ಇಲ್ಲಿನ ಎಷ್ಟೋ ಸಣ್ಣ ಸ್ಟೇಷನ್‌ಗಳಲ್ಲಿ ಎರಡು ಪ್ಲಾಟ್‌ಫಾರ್ಮಿನ ನಡುವೆ ಗೇಟಿನ ಒಳಗೆ ದಾರಿಯೇ ಇಲ್ಲ. ಹೊರಗೆ ಬಂದು, ರಸ್ತೆ ದಾಟಿ, ಮತ್ತೆ ಟರ್ನ್‌ಸ್ಟೈಲ್‌ನಲ್ಲಿ ದುಡ್ಡು ಕೊಡಬೇಕು. ಆದ್ದರಿಂದ ನಕ್ಷೆಯಲ್ಲಿ ಒಳದಾರಿ ಇರುವ ಸ್ಟೇಷನ್ ಯಾವುದೆಂದು ಗುರುತಿಸಿ, ಬೋರ್ಡಿನಲ್ಲಿ ಅದೇ ಹೆಸರು ಬರೆಯಬೇಕು, ಅದು ಎರಡು ಸ್ಟೇಷನ್ ಆಚೆಗಿದ್ದರೂ ಸರಿ. ಒಳದಾರಿ ಎಲ್ಲೂ ಇಲ್ಲದಿದ್ದರೆ ಗೇಟಿನ ಲೆಕ್ಕವನ್ನೇ ಬದಲಿಸಿ ಎರಡನೇ ಸಲ ದುಡ್ಡು ಹಿಡಿಯದಂತೆ ಮಾಡಬೇಕು. ನದಿಯಡಿಯ ಎಲ್ ರೈಲು ಸುರಂಗದ ಕೆಲಸ ನಡೆದ 2019ರಲ್ಲಿ, ಬ್ರೂಕ್ಲಿನ್‌ನಲ್ಲಿ ಜಿ ರೈಲಿನ ಬ್ರಾಡ್‌ವೇ ಸ್ಟೇಷನ್ನಿನಿಂದ ಜೆ, ಎಂ ರೈಲುಗಳ ಲೋರಿಮರ್, ಹ್ಯೂಸ್ ಸ್ಟೇಷನ್‌ಗಳಿಗೆ ಹೊರಗೆ ನಡೆದು ಹೋಗಿ ಪುಕ್ಕಟೆ ಹತ್ತಬಹುದಿತ್ತು. ಲಿವೋನಿಯಾ ಮತ್ತು ಜೂನಿಯಸ್ ಸ್ಟ್ರೀಟ್ ನಡುವೆಯೂ ಹಾಗೆಯೇ, ಅದು ಆಮೇಲೆ ಕಾಯಂ ಆಯಿತು.

ರೈಲಿನ ಬದಲು ಬಸ್ ಬಿಡುತ್ತೇವೆ ಎಂದು ಸಭೆಯಲ್ಲಿ ಯಾರಾದರೂ ಹಗುರಾಗಿ ಹೇಳಿದಾಗ ಈ ಲೆಕ್ಕ ಮುಂದಿಡುತ್ತೇನೆ. ಒಂದು ರೈಲಿನಲ್ಲಿ 800 ಜನ, ಅರವತ್ತು ಅಡಿಯ ಜೋಡಿ ಬಸ್ಸಿನಲ್ಲಿ ಒತ್ತಿದರೆ 80. ಒಂದು ರೈಲಿಗೆ ಹತ್ತು ಬಸ್ಸು. ಐದು ನಿಮಿಷಕ್ಕೊಂದು ರೈಲಿನ ಬದಲಿಗೆ ಅರ್ಧ ನಿಮಿಷಕ್ಕೊಂದು ಬಸ್ಸು ಬೇಕು, ಅದೂ ಟ್ರಾಫಿಕ್ ಸಿಗ್ನಲ್ ನಡುವೆ. ಬಸ್ಸಿನಿಂದ ವಾರಾಂತ್ಯ ದೂಡಬಹುದು, ಸೋಮವಾರ ಬೆಳಿಗ್ಗೆ ಆಗದು. ವಾರಾಂತ್ಯ ಎಂದರೆ ಊರು ಖಾಲಿ ಎಂಬ ಊಹೆಯೂ ಸರಿಯಲ್ಲ. ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ 7ನೇ ನಂಬರಿನ ರೈಲಿನಲ್ಲಿ ಹೋಗುವ ನಮ್ಮವರನ್ನು ಕೇಳಿ. ಅವರು ಹೊರಡುವುದೇ ಶನಿವಾರ ಭಾನುವಾರ, ಮಕ್ಕಳು, ಮುದುಕರು, ಸ್ಟ್ರೋಲರ್ ಸಮೇತ. ಬೆಳಗಿನ ಆಫೀಸು ಜನ ಮೆಟ್ಟಿಲಿಳಿಯುವ ವೇಗ ಈ ಗುಂಪಿಗೆ ಇರುವುದಿಲ್ಲ.

ಇನ್ನು ಪ್ಲಾಟ್‌ಫಾರ್ಮಿನ ಮೇಲಿನ ಪ್ಲೈವುಡ್ ತಡೆಗೋಡೆ. ಅಂಚಿನಲ್ಲಿ ಉಬ್ಬು ಚುಕ್ಕೆಗಳಿರುವ ಹಳದಿ ಪಟ್ಟಿ 24 ಇಂಚು. ಅದು ಕಣ್ಣು ಕಾಣದವರಿಗೆ ಎಚ್ಚರಿಕೆ ಕೊಡುವ ಜಾಗ, ನಡೆಯುವ ದಾರಿ ಎಂದು ಲೆಕ್ಕಕ್ಕೆ ಸೇರಿಸಬಾರದು. ಅದರಾಚೆ ಗಾಲಿಕುರ್ಚಿಗೆ ಕನಿಷ್ಠ 36 ಇಂಚು. ಒಟ್ಟು ಐದು ಅಡಿ. ನಾನು ಆರು ಬಿಡಿಸುತ್ತೇನೆ, ಯಾಕೆಂದರೆ ತಡೆಗೋಡೆಗೆ ಬೆನ್ನು ಕೊಟ್ಟು ಫೋನ್ ನೋಡುತ್ತ ನಿಲ್ಲುವವರು ಒಂದಡಿ ತಿಂದುಬಿಡುತ್ತಾರೆ. ಹಲಗೆ ಬೆಂಕಿ ನಿರೋಧಕದ್ದಾಗಿರಬೇಕು, ಬಾಗಿಲು ಕೆಲಸದ ಕಡೆಗೆ ತೆರೆಯಬೇಕು, ಮೂಲೆಗಳನ್ನು ಓರೆಯಾಗಿ ಕತ್ತರಿಸಬೇಕು. ಕಂಡಕ್ಟರ್ ಬೆರಳು ತೋರಿಸುವ ಕಪ್ಪು ಬಿಳುಪು ಪಟ್ಟೆ ಬೋರ್ಡು ರೈಲಿನ ನಡುಭಾಗಕ್ಕೆ ಎದುರಾಗಿ ತೂಗುತ್ತಿರುತ್ತದೆ. ರೈಲು ಸರಿಯಾದ ಜಾಗದಲ್ಲಿ ನಿಂತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಬಾಗಿಲು ತೆಗೆಯಲಿ ಎಂದು ಆ ಪದ್ಧತಿ. ತಡೆಗೋಡೆ ಅದನ್ನು ಮರೆಮಾಡಿದರೆ ಅಂದೇ ರಾತ್ರಿ ಇನ್ನೊಂದು ಬೋರ್ಡು ಕಟ್ಟಬೇಕು. ಇದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಅಂಚಿನ ಕೆಲಸ ಮುಗಿಸಿ ಹಳಿ ಒಪ್ಪಿಸುವ ಮೊದಲು ರೈಲಿನ ಮೈ ಅಳತೆಯ ಚೌಕಟ್ಟನ್ನು ಹಳಿಯುದ್ದಕ್ಕೂ ತಳ್ಳಿ ನೋಡಬೇಕು. ಪ್ಲಾಟ್‌ಫಾರ್ಮಿನ ಅಂಚಿಗೆ ಬಡಿದು ಕೂರಿಸಿದ ಉಜ್ಜುಹಲಗೆ ಅರ್ಧ ಇಂಚು ಹೊರಗೆ ಬಂದಿದ್ದರೂ ಬೆಳಗಿನ ಮೊದಲ ರೈಲಿಗೆ ತಾಗುತ್ತದೆ. ತಿರುವಿನ ಸ್ಟೇಷನ್‌ಗಳಲ್ಲಿ ಡಬ್ಬಿಯ ನಡುಭಾಗ ಒಳಕ್ಕೆ, ತುದಿಗಳು ಹೊರಕ್ಕೆ ಸರಿಯುವುದರಿಂದ ನೇರ ಹಳಿಯ ಅಳತೆ ಅಲ್ಲಿ ನಡೆಯದು. ಯೂನಿಯನ್ ಸ್ಕ್ವೇರ್‌ನ ಲೆಕ್ಸಿಂಗ್ಟನ್ ಸಾಲಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಂತ ಮೇಲೆ ಹೊರಚಾಚುವ ಕಬ್ಬಿಣದ ಪಟ್ಟಿಗಳು ಇರುವುದು ಈ ತಿರುವಿನ ದೆಸೆಯಿಂದಲೇ. ನೆಲದಡಿಯ ಸ್ಟೇಷನ್ನಿನಲ್ಲಿ ಮಾತ್ರ ಇನ್ನೊಂದು ಮಾತು: ಗೋಡೆ ಸೋರಿಕೆಗೆ ಗ್ರೌಟ್, ಅಂದರೆ ಬಿರುಕು ತುಂಬುವ ತೆಳು ಗಾರೆ, ತುಂಬಿ, ಒಂದೆರಡು ಜೋರು ಮಳೆ ನೋಡುವವರೆಗೂ ಹೊಸ ಟೈಲ್ಸ್ ಅಂಟಿಸಬೇಡಿ. ಒಂದು ಬಿರುಕು ಮುಚ್ಚಿದರೆ ನೀರು ಪಕ್ಕದ ಬಿರುಕು ಹುಡುಕಿಕೊಳ್ಳುತ್ತದೆ.

ಮುಚ್ಚುವ ಅವಧಿ ಎಷ್ಟೋ ಸಲ ಒಂದು ಕೇಬಲ್ ಎಲ್ಲಿ ತೂಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಉಪ್ಪು ನೀರು ತುಂಬಿದ ಎಲ್ ಸುರಂಗವನ್ನು 2019ರ ಏಪ್ರಿಲ್‌ನಿಂದ 15 ತಿಂಗಳು ಪೂರ್ತಿ ಮುಚ್ಚುವ ಯೋಜನೆಯಿತ್ತು. ದಿನಕ್ಕೆ ಸುಮಾರು 2,25,000 ಜನ ದಾಟುವ ಸುರಂಗ ಅದು. ಹಾಳಾದ ಪಕ್ಕದ ಕಟ್ಟೆಯನ್ನು ಒಡೆದು, ಹೊಸದಾಗಿ ಕಟ್ಟಿ, ಅದರೊಳಗೆ ಮತ್ತೆ ಕೇಬಲ್ ಹುದುಗಿಸಬೇಕೆಂದಿದ್ದರು. 2019ರ ಜನವರಿಯಲ್ಲಿ ಯೋಜನೆ ಬದಲಾಯಿತು. ಕೇಬಲ್ಲನ್ನು ಗೋಡೆಯ ಮೇಲೆ ಕೊಕ್ಕೆಗೆ ತೂಗುಹಾಕಿ, ಕಟ್ಟೆಯನ್ನು ಬೇಕಾದಷ್ಟೇ ದುರಸ್ತಿ ಮಾಡುವುದು ಎಂದಾಯಿತು. ಕೆಲಸ ರಾತ್ರಿಗೆ, ವಾರಾಂತ್ಯಕ್ಕೆ ಸರಿಯಿತು. ಆ ಹೊತ್ತಿನಲ್ಲಿ ಜೋಡಿ ಸುರಂಗದ ಒಂದು ಕೊಳವೆಯಲ್ಲಿ ಮಾತ್ರ 20 ನಿಮಿಷಕ್ಕೊಂದು ರೈಲು ಓಡಿ, 2020ರ ಏಪ್ರಿಲ್‌ಗೆ ಮುಗಿಯಿತು. ಮೂರನೇ ಬಗೆಯನ್ನು ನಾನು ಒಪ್ಪುವ ಅಪರೂಪದ ಸಂದರ್ಭ ಇದು.

ಲಿಫ್ಟ್ ಮಾತಿಗೆ ಬಂದರೆ ನನ್ನ ನಿಲುವು ಖಚಿತ. ತಿಂಗಳುಗಟ್ಟಲೆ ಮುಚ್ಚುವುದೇ ಆದರೆ ಲಿಫ್ಟ್ ಅದೇ ಮುಚ್ಚುವಿಕೆಯಲ್ಲಿ ಬರಬೇಕು. ಆಸ್ಟೋರಿಯಾದ ಆ ನಾಲ್ಕು ಸ್ಟೇಷನ್‌ಗಳಿಗೆ ಗಾಜಿನ ತಡೆ, ಫೋನ್ ಚಾರ್ಜರ್, ಹೊಸ ದೀಪ ಬಂದವು, ಲಿಫ್ಟ್ ಬರಲಿಲ್ಲ. ಅದೇ ಸಾಲಿನ ಆಸ್ಟೋರಿಯಾ ಬುಲೆವಾರ್ಡ್ 2019ರಲ್ಲಿ ಒಂಬತ್ತು ತಿಂಗಳು ಮುಚ್ಚಿದ್ದಾಗ ಮೆಝನೈನ್, ಅಂದರೆ ರಸ್ತೆಗೂ ಪ್ಲಾಟ್‌ಫಾರ್ಮಿಗೂ ನಡುವಿನ ಅಂತಸ್ತು, ಎತ್ತರಿಸುವ ಕೆಲಸದ ಜೊತೆ ಲಿಫ್ಟಿನದ್ದೂ ಸೇರಿತ್ತು. ಬ್ರಾಂಕ್ಸಿನ ಮಿಡಲ್‌ಟೌನ್ ರೋಡ್ ಸ್ಟೇಷನ್ನಿನ ಮೊಕದ್ದಮೆಯಲ್ಲಿ 2019ರಲ್ಲಿ ಬಂದ ತೀರ್ಪಿನಂತೆ, ಬಳಕೆಯ ಮೇಲೆ ಪರಿಣಾಮ ಬೀರುವ ದುರಸ್ತಿ ಮಾಡಿದರೆ, ತಾಂತ್ರಿಕವಾಗಿ ಅಸಾಧ್ಯವಲ್ಲದಿದ್ದರೆ, ಲಿಫ್ಟ್ ಹಾಕಲೇಬೇಕು. 2022ರ ಒಪ್ಪಂದದ ಪ್ರಕಾರ ಆಗ ಗಾಲಿಕುರ್ಚಿ ಹೋಗಲಾಗದಿದ್ದ ಸ್ಟೇಷನ್‌ಗಳಲ್ಲಿ ಶೇ. 95ರಷ್ಟು 2055ರೊಳಗೆ ಗಾಲಿಕುರ್ಚಿ ಹೋಗುವಂತಾಗಬೇಕು. ಕಷ್ಟ ಇರುವುದು ಲಿಫ್ಟಿನ ಯಂತ್ರದಲ್ಲಲ್ಲ, ಅದಕ್ಕೆ ನೆಲದಲ್ಲಿ ತೋಡುವ ಗುಂಡಿಯಲ್ಲಿ. ರಸ್ತೆ ಅಗೆದರೆ ನೀರಿನ ಪೈಪು, ಗ್ಯಾಸು, ಟೆಲಿಫೋನ್ ಕೇಬಲ್, ನಕ್ಷೆಯಲ್ಲಿ ಇಲ್ಲದ ಇಟ್ಟಿಗೆ ಚರಂಡಿ, ಎಲ್ಲ ಸಿಗುತ್ತವೆ. ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಅದಕ್ಕೇ ಸ್ಟೇಷನ್ ಮುಚ್ಚುವ ಎಷ್ಟೋ ತಿಂಗಳ ಮೊದಲೇ ಫುಟ್‌ಪಾತಿನಲ್ಲಿ ಪರೀಕ್ಷಾ ಗುಂಡಿ ತೋಡಿಸಬೇಕು. ಮುಚ್ಚಿದ ಮೇಲೆ ಪೈಪು ಕಂಡರೆ ಕಾಯುವವರು ಪ್ರಯಾಣಿಕರು.

ಬೋರ್ಡುಗಳನ್ನು ಗೇಟಿನ ಒಳಗೆ ಹಾಕುವುದು ಶುದ್ಧ ದಂಡ, ದುಡ್ಡು ಕೊಟ್ಟ ಮೇಲೆ ಸುದ್ದಿ ತಿಳಿದು ಏನು ಪ್ರಯೋಜನ? ರಸ್ತೆಯ ಮೆಟ್ಟಿಲ ಬುಡದಲ್ಲಿ, ಆ ಸಾಲಿನ ಹಿಂದಿನ ಸ್ಟೇಷನ್‌ಗಳಲ್ಲಿ, ರೈಲಿನ ಒಳಗೆ ಹಾಕಬೇಕು. ಆಯಾ ಬೀದಿಯವರ ಭಾಷೆಯಲ್ಲಿ ಹಾಕಬೇಕು. ಕ್ವೀನ್ಸಿನಲ್ಲಿ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್, ಚೈನೀಸ್, ಬಂಗಾಳಿ ಇಲ್ಲದಿದ್ದರೆ ಅರ್ಧ ಜನರಿಗೆ ಸುದ್ದಿ ತಲುಪಲಿಲ್ಲ ಎಂದೇ ತಿಳಿಯಿರಿ. ಸ್ಟೇಷನ್ ತೆರೆದ ದಿನ ಆ ಬೋರ್ಡುಗಳನ್ನು ಕಿತ್ತುಹಾಕುವ ಜವಾಬ್ದಾರಿ ಯಾರದೆಂದು ಕೆಲಸ ಶುರುವಾಗುವ ಮೊದಲೇ ಹೆಸರು ಬರೆದಿಡುತ್ತೇನೆ. ಎರಡು ಸ್ಟೇಷನ್ ಆಚೆ ಕಂಬಕ್ಕೆ ಅಂಟಿದ ಹಳೆಯ ಕಾಗದ ನೋಡಿ ಜನ ಇನ್ನೂ ಸುತ್ತಿಕೊಂಡೇ ಹೋಗುತ್ತಿರುತ್ತಾರೆ. ತೆರೆದ ಮೇಲೂ ಕೆಲವು ವಾರ ಪಕ್ಕದ ಸ್ಟೇಷನ್ನಿನ ಮೆಟ್ಟಿಲ ಬುಡದ ಮನುಷ್ಯನನ್ನು ತೆಗೆಯುವುದಿಲ್ಲ.