ವೃತ್ತಿಗೊಂದು ಫೋಟೊ: ತೆಗೆಸುವುದು ಹೇಗೆ, ಆರಿಸಬೇಕಾದವರು ಯಾರು?

ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಯೋಚಿಸುತ್ತಿರುವವರು ಲಿಂಕ್ಡ್‌ಇನ್ ಎಂಬ ವೃತ್ತಿಜಾಲತಾಣದಲ್ಲಿ ನಿಮ್ಮ ಹೆಸರು ಹುಡುಕುತ್ತಾರೆ. ನಿಮ್ಮ ಓದು, ಅನುಭವಗಳ ಸಾಲುಗಳಿಗೆ ಬರುವ ಮುನ್ನವೇ ಅವರಿಗೆ ಪುಟ್ಟ ವೃತ್ತದೊಳಗಿನ ನಿಮ್ಮ ಮುಖ ಕಂಡಿರುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಂಡರೂ ಸಾಕು, ಈ ವ್ಯಕ್ತಿ ನಂಬಿಕೆಗೆ ಅರ್ಹರೇ, ಸಮರ್ಥರೇ ಎಂದು ನೋಡುಗರು ತೀರ್ಮಾನಿಸಿಬಿಡುತ್ತಾರೆ. ಹೆಚ್ಚು ಹೊತ್ತು ನೋಡಲು ಬಿಟ್ಟಾಗ ತೀರ್ಮಾನ ಅಷ್ಟಾಗಿ ಬದಲಾಗಲಿಲ್ಲ, ಅದರ ಬಗೆಗಿನ ಭರವಸೆ ಮಾತ್ರ ಹೆಚ್ಚಿತು.

ಇದು ನ್ಯಾಯವಲ್ಲ. ಮುಖ ನೋಡಿ ಯಾರ ಸಾಮರ್ಥ್ಯವನ್ನೂ ಅಳೆಯಲಾಗದು. ಆದರೆ ಅದೇ ಟೊಡೊರೊವ್ 2014ರಲ್ಲಿ ಪೋರ್ಟರ್ ಎಂಬ ಸಂಶೋಧಕಿಯ ಜೊತೆಗೂಡಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಒಬ್ಬರದೇ ಬೇರೆ ಬೇರೆ ಫೋಟೊಗಳನ್ನು ಕಂಡಾಗ ಅವರ ಬಗೆಗಿನ ಅಭಿಪ್ರಾಯವೂ ಬೇರೆ ಬೇರೆಯಾಗುತ್ತದೆ. ಅಂದರೆ ಈ ಅನ್ಯಾಯದ ಒಂದು ಪಾಲು ನಮ್ಮ ಹತೋಟಿಯಲ್ಲಿದೆ. ಮದುವೆಮನೆಯ ಗುಂಪಿನಿಂದ ಕತ್ತರಿಸಿ ತೆಗೆದ ಮಸುಕು ಮುಖವನ್ನು ಅಲ್ಲಿ ಹಾಕಬೇಕಾಗಿಲ್ಲ.

ಮೊದಲು, ಎಲ್ಲಿಗೆ ಬೇಕು?

ಫೋಟೊ ಎಲ್ಲೆಲ್ಲಿ ಬಳಕೆಯಾಗಲಿದೆ ಎಂದು ಪಟ್ಟಿ ಮಾಡಿಕೊಳ್ಳಿ: ವೃತ್ತಿಜಾಲತಾಣ, ಸಂಸ್ಥೆಯ ವೆಬ್‌ಸೈಟ್, ಇಮೇಲ್, ವಿಚಾರಸಂಕಿರಣದ ಆಹ್ವಾನಪತ್ರಿಕೆ. ಬಯೊಡೇಟಾದ ವಿಷಯವೇ ಬೇರೆ. ಅಮೆರಿಕ, ಬ್ರಿಟನ್ನಿನಂಥ ದೇಶಗಳಲ್ಲಿ ತಾರತಮ್ಯಕ್ಕೆ ಎಡೆಯಾಗಬಾರದೆಂದು ಅದರಲ್ಲಿ ಫೋಟೊ ಹಾಕುವುದಿಲ್ಲ. ಜರ್ಮನಿಯಲ್ಲಿ ಹಾಕುವ ರೂಢಿ ಬಹುಕಾಲದಿಂದ ಇದೆ. ಅರ್ಜಿ ಹೋಗುವ ಕಡೆಯ ಪದ್ಧತಿಯನ್ನು ವಿಚಾರಿಸಿಕೊಳ್ಳಿ.

ಕ್ಯಾಮೆರಾವನ್ನು ದೂರ ಇಡಿ

ಸೆಲ್ಫಿ ಬೇಡ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಕೈಯಳತೆಯಲ್ಲಿ ತೆಗೆದಾಗ ಮೂಗು ಕ್ಯಾಮೆರಾಕ್ಕೆ ಹತ್ತಿರವಾಗಿ, ಕಿವಿಗಳು ದೂರವಾಗಿ, ಮುಖದ ಅಳತೆಯೇ ಕೆಡುತ್ತದೆ. ಹನ್ನೆರಡು ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಐದು ಅಡಿ ದೂರಕ್ಕೆ ಹೋದರೆ ಈ ದೋಷ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದ್ದರಿಂದ ಬೇರೆಯವರ ಕೈಗೆ ಮೊಬೈಲ್ ಕೊಟ್ಟು ಐದಾರು ಅಡಿ ದೂರದಲ್ಲಿ, ನಿಮ್ಮ ಕಣ್ಣಿನ ಎತ್ತರದಲ್ಲಿ ಹಿಡಿಯಲು ಹೇಳಿ. ಎರಡು ಅಥವಾ ಮೂರು ಪಟ್ಟು ಹತ್ತಿರ ತೋರಿಸುವ ಪ್ರತ್ಯೇಕ ಲೆನ್ಸ್ ಇದ್ದರೆ ಅದನ್ನೇ ಬಳಸಲಿ. ಛಾಯಾಗ್ರಾಹಕರು ಭಾವಚಿತ್ರಕ್ಕೆ 85 ಮಿಲಿಮೀಟರ್ ಆಸುಪಾಸಿನ ಲೆನ್ಸ್ ಹಿಡಿಯುವುದೂ ದೂರ ನಿಂತೇ ಮುಖವನ್ನು ತುಂಬಿಸಿಕೊಳ್ಳಲು ಅನುಕೂಲವೆಂದು.

ಬೆಳಕು

ನನ್ನ ಮಟ್ಟಿಗೆ, ಒಳ್ಳೆಯ ಫೋಟೊದ ಮುಕ್ಕಾಲು ಪಾಲು ಬೆಳಕಿನದ್ದು. ದುಬಾರಿ ಉಪಕರಣ ಬೇಕಾಗಿಲ್ಲ, ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಇದ್ದರೆ ಸಾಕು. ಕಿಟಕಿಗೆ ಎದುರಾಗಿ ನಿಂತು, ಮೈಯನ್ನು ತುಸು ಓರೆಗೆ ತಿರುಗಿಸಿ. ಆಗ ಒಂದು ಕೆನ್ನೆ ಬೆಳಗಿ, ಇನ್ನೊಂದರ ಮೇಲೆ ಮೃದುವಾದ ನೆರಳು ಬೀಳುತ್ತದೆ. ಮುಖಕ್ಕೆ ಉಬ್ಬುತಗ್ಗು ಬರುವುದು ಈ ನೆರಳಿನಿಂದಲೇ. ನೆರಳು ಹೆಚ್ಚಾಯಿತೆನಿಸಿದರೆ ಆ ಬದಿಯಲ್ಲಿ ಬಿಳಿ ರಟ್ಟನ್ನೋ ಬಿಳಿ ಬಟ್ಟೆಯನ್ನೋ ಹಿಡಿಯಿರಿ. ಕೋಣೆಯ ದೀಪಗಳನ್ನು ಆರಿಸುವುದನ್ನು ಮರೆಯಬೇಡಿ: ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗೆ ಕಪ್ಪು ನೆರಳು ತರುತ್ತದೆ, ಹಳದಿ ಬಲ್ಬು ಹಗಲಿನ ಬೆಳಕಿನೊಂದಿಗೆ ಬೆರೆತು ಚರ್ಮದ ಬಣ್ಣವನ್ನು ಕೆಡಿಸುತ್ತದೆ. ಕಣ್ಣಿನೊಳಗೆ ಕಿಟಕಿಯ ಪುಟ್ಟ ಪ್ರತಿಬಿಂಬ ಮಿನುಗುತ್ತಿದೆಯೇ ಎಂದು ಪರೀಕ್ಷಿಸಿ. ಅದಿಲ್ಲದ ಕಣ್ಣು ಬಾಡಿದಂತೆ ಕಾಣುತ್ತದೆ.

ಕನ್ನಡಕ ಹಾಕುವವರು ಹಾಕಿಕೊಂಡೇ ತೆಗೆಸಿಕೊಳ್ಳಿ. ಗಾಜಿನಲ್ಲಿ ಬೆಳಕು ಹೊಳೆದರೆ ಗಲ್ಲವನ್ನು ಕೊಂಚ ತಗ್ಗಿಸಿ, ಅಥವಾ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿ ಕೂರಿಸಿ.

ಹಿನ್ನೆಲೆ ಸರಳವಾಗಿರಲಿ, ಗೋಡೆಯಿಂದ ನಾಲ್ಕೈದು ಅಡಿ ಮುಂದೆ ನಿಲ್ಲಿ. ಉಡುಪು ನಿಮ್ಮ ಕ್ಷೇತ್ರದವರು ಮುಖ್ಯ ಸಭೆಗೆ ಧರಿಸುವಂಥದ್ದಾಗಿದ್ದರೆ ಸಾಕು. ತೀರಾ ಸಣ್ಣ ಗೆರೆ, ಚೌಕಳಿಗಳು ಮಾತ್ರ ಬೇಡ. ಪರದೆಯ ಮೇಲೆ ಅವು ಅಲೆ ಅಲೆಯಾಗಿ ಕದಲುತ್ತವೆ.

ನಗು

‘ಸ್ವಲ್ಪ ನಗಿ’ ಎಂದೊಡನೆ ಬರುವ ನಗು ತುಟಿಯಲ್ಲೇ ನಿಂತುಬಿಡುತ್ತದೆ. ನಿಜವಾದ ನಗುವಿನಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ ಎಂದು ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲೇ ಬರೆದಿಟ್ಟಿದ್ದಾರೆ. ಆದ್ದರಿಂದ ನಗುವನ್ನು ಹಿಡಿದು ನಿಲ್ಲಬೇಡಿ. ಫೋಟೊ ತೆಗೆಯುವವರ ಜೊತೆ ನಿಮಗೆ ಇಷ್ಟವಾದ ಕೆಲಸದ ಬಗ್ಗೆ ಮಾತನಾಡುತ್ತಿರಿ, ಅವರು ಮಾತಿನ ನಡುವೆ ಕ್ಲಿಕ್ಕಿಸುತ್ತಿರಲಿ. ಮೊದಮೊದಲ ಫೋಟೊಗಳಲ್ಲಿ ಬಿಗುಪು ಇದ್ದೇ ಇರುತ್ತದೆ, ಎದೆಗುಂದಬೇಡಿ. ಹಣ ಕೊಟ್ಟು ಛಾಯಾಗ್ರಾಹಕರ ಬಳಿ ಹೋಗುವುದಾದರೆ ನಾನು ಮೊದಲು ಗಮನಿಸುವುದು ಇದನ್ನೇ: ಅವರು ಹಿಂದೆ ತೆಗೆದ ಭಾವಚಿತ್ರಗಳಲ್ಲಿ ಜನರು ನಿರಾಳವಾಗಿದ್ದಾರೆಯೇ? ಕ್ಯಾಮೆರಾ ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು.

ಆಯ್ಕೆಯನ್ನು ಬೇರೆಯವರಿಗೆ ಬಿಡಿ

ಎಲ್ಲರೂ ಎಡವುವ ಜಾಗ ಇದು. ನಮ್ಮ ಫೋಟೊಗೆ ನಾವು ಒಳ್ಳೆಯ ಪರೀಕ್ಷಕರಲ್ಲ. ನಮಗೆ ಅಭ್ಯಾಸವಾಗಿರುವುದು ಕನ್ನಡಿಯೊಳಗಿನ ಎಡಬಲ ತಿರುಗಿದ ಮುಖ. ಜನರು ತಮ್ಮ ಕನ್ನಡಿಯ ರೂಪವನ್ನು ಮೆಚ್ಚಿದರೆ, ಅವರ ಆಪ್ತರು ನೇರ ರೂಪವನ್ನು ಮೆಚ್ಚುತ್ತಾರೆ ಎಂಬುದು 1977ರ ಅಧ್ಯಯನವೊಂದರಲ್ಲೇ ಕಂಡುಬಂದಿತ್ತು. 2017ರಲ್ಲಿ ಡೇವಿಡ್ ವೈಟ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ತಮ್ಮದೇ ಫೋಟೊಗಳಿಂದ ಜನರು ಆರಿಸಿದ ಪ್ರೊಫೈಲ್ ಚಿತ್ರಗಳಿಗಿಂತ, ಅವರನ್ನು ಕಂಡೇ ಇರದ ಅಪರಿಚಿತರು ಅವರಿಗಾಗಿ ಆರಿಸಿದ ಚಿತ್ರಗಳೇ ನೋಡುಗರಲ್ಲಿ ಉತ್ತಮ ಭಾವನೆ ಮೂಡಿಸಿದವು.

ಹೀಗಾಗಿ ಐದಾರು ಫೋಟೊಗಳನ್ನು ಉಳಿಸಿಕೊಂಡು, ನಿಮ್ಮನ್ನು ಅಷ್ಟಾಗಿ ಅರಿಯದ ಮೂರ್ನಾಲ್ಕು ಜನರಿಗೆ ತೋರಿಸಿ. ‘ಚೆನ್ನಾಗಿದೆಯೇ’ ಎಂದು ಕೇಳಿದರೆ ಸೌಜನ್ಯದ ಉತ್ತರ ಬರುತ್ತದೆ. ‘ಇವರಲ್ಲಿ ಯಾರಿಗೆ ನಿಮ್ಮ ಕೆಲಸ ಒಪ್ಪಿಸುತ್ತೀರಿ’ ಎಂದು ಕೇಳಿ. ಅವರು ಬೆರಳಿಟ್ಟ ಫೋಟೊ ನಿಮಗೆ ಹಿಡಿಸದಿರಬಹುದು, ಆದರೂ ಅದನ್ನೇ ಹಾಕಿ.

ತಿದ್ದುವಾಗ ಕೈ ಬಿಗಿಹಿಡಿಯಿರಿ. ವಾರದಲ್ಲಿ ಮಾಯುವ ಮೊಡವೆಯನ್ನು ಅಳಿಸಬಹುದು. ಮಚ್ಚೆ, ಸುಕ್ಕು, ನೆರೆಗೂದಲು ನಿಮ್ಮವು, ಅವು ಇರಲಿ. ಕೃತಕ ಬುದ್ಧಿಮತ್ತೆ ಸೃಷ್ಟಿಸಿಕೊಡುವ ನುಣುಪಾದ ಮುಖಗಳನ್ನು ನಾನು ಒಪ್ಪುವುದಿಲ್ಲ. ಸಂದರ್ಶನದ ಕೋಣೆಗೆ ಕಾಲಿಟ್ಟಾಗ ಎದುರಿಗಿರುವವರು ನಿಮ್ಮನ್ನು ತಕ್ಷಣ ಗುರುತಿಸಬೇಕು. ಅಲ್ಲಿ ಅನುಮಾನ ಹುಟ್ಟಿದರೆ ಅದು ಫೋಟೊದಲ್ಲೇ ನಿಲ್ಲುವುದಿಲ್ಲ, ನಿಮ್ಮ ಮಾತಿನ ಮೇಲೂ ಬೀಳುತ್ತದೆ.

ಕೊನೆಗೆ ಚೌಕಾಕಾರದಲ್ಲಿ, ತಲೆಯಿಂದ ಭುಜದವರೆಗೆ ಬರುವಂತೆ ಕತ್ತರಿಸಿ. ಲಿಂಕ್ಡ್‌ಇನ್‌ಗೆ ಕನಿಷ್ಠ 400×400 ಪಿಕ್ಸೆಲ್ ಇರಲಿ, ವೃತ್ತದಲ್ಲಿ ಮೂಲೆಗಳು ಮರೆಯಾಗುವುದರಿಂದ ತಲೆಯ ಸುತ್ತ ಜಾಗ ಬಿಡಿ. ಅಪ್‌ಲೋಡ್ ಮಾಡಿದ ಮೇಲೆ ಮೊಬೈಲ್‌ನಲ್ಲಿ, ಉಗುರಿನಷ್ಟು ಚಿಕ್ಕದಾಗಿ ಒಮ್ಮೆ ನೋಡಿ. ಆ ಗಾತ್ರದಲ್ಲೂ ಕಣ್ಣು ಕಾಣುತ್ತಿದ್ದರೆ ಅದೇ ಫೋಟೊವನ್ನು ಉಳಿದ ಕಡೆಗಳಲ್ಲೂ ಹಾಕಿ. ಗಡ್ಡ, ಕೂದಲು, ಕನ್ನಡಕ ಬದಲಾದಾಗ ಹೊಸದನ್ನು ತೆಗೆಸಿ.