ಮುಜಂಟಿ ಪೆಟ್ಟಿಗೆ ಇಡುವ ಮುಂಚೆ ಸುತ್ತಲಿನ ಮರ ನೋಡಿ

ಮುಜಂಟಿ ಜೇನು (ಚುಚ್ಚದ ಪುಟ್ಟ ಜೇನು, ಮಲೆನಾಡಿನ ಕಡೆ ಮಿಸ್ರಿ) ಸಾಕಬೇಕು ಅನ್ನುವವರು ಪೆಟ್ಟಿಗೆ ತರುವ ಮೊದಲು ಸುಮ್ನೆ ಒಂದು ಸುತ್ತು ತೋಟ ಓಡಾಡಿ ಬನ್ನಿ. ಈ ಪುಟ್ಟ ನೊಣ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಾಕುವ ತುಡುವೆ ಜೇನಿನ ಹಾಗೆ ದೂರ ಹಾರುವುದಿಲ್ಲ. ಹೆಚ್ಚೆಂದರೆ ಕೆಲವು ನೂರು ಮೀಟರ್. ಅಷ್ಟರೊಳಗೆ ವರ್ಷವಿಡೀ ಏನಾದರೂ ಹೂವು ಇರಬೇಕು.

ಅಡಿಕೆ, ತೆಂಗಿನ ಹೂವಿನಲ್ಲಿ ಪರಾಗ ಸಿಗುತ್ತದೆ, ನಿಜ. ಆದರೆ ಬರೀ ಅಡಿಕೆ ತೋಟ ಸಾಲದು. ಹಲವರು ಮರೆಯುವುದು ಮರದ ಅಂಟನ್ನು. ಮುಜಂಟಿ ತನ್ನ ಮೇಣಕ್ಕೆ ಅಂಟು ಬೆರೆಸಿಯೇ ಗೂಡು ಕಟ್ಟುತ್ತದೆ. ಬಾಗಿಲ ಕೊಳವೆ, ಜೇನು ತುಂಬುವ ಗುಳ್ಳೆ, ಬಿರುಕು ಮುಚ್ಚುವುದು, ಇರುವೆ ತಡೆಯುವುದು, ಎಲ್ಲಕ್ಕೂ ಅದೇ ಬೇಕು. ಹಾಗಾಗಿ ಹಲಸು, ಮಾವು, ಧೂಪದ ಮರ ಹತ್ತಿರವಿದ್ದರೆ ದಯವಿಟ್ಟು ಕಡಿಯಬೇಡಿ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚು ನನ್ನ ಪ್ರಕಾರ ಒಳ್ಳೆಯ ಜಾಗ.

ಬದುವಿನ ತುಂಬೆ, ತುಳಸಿ, ನಾಚಿಕೆಮುಳ್ಳನ್ನು ಕಳೆ ಅಂತ ಪೂರ್ತಿ ಸವರಬೇಡಿ. ಪಕ್ಕದ ಗದ್ದೆಗೆ ಕೀಟನಾಶಕ ಹೊಡೆಯುವವರಿದ್ದರೆ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಮೇವು ಕಡಿಮೆ, ಅಲ್ವಾ? ಬೇಸಿಗೆಯಲ್ಲಿ ಜೇನು ತೆಗೆಯುವಾಗ ಅವುಗಳ ಪಾಲನ್ನೂ ಧಾರಾಳವಾಗಿ ಉಳಿಸಿ.