ತಾಳಮದ್ದಳೆ ಕೇಳಿದ ಕಿವಿಗೆ ಸ್ಟ್ರಿಂಗ್ ಕ್ವಾರ್ಟೆಟ್: ಯೂನಿವರ್ಸಿಟಿಯ ಸಂಗೀತ ಕಚೇರಿಗಳನ್ನು ಹುಡುಕುವುದು, ಕೇಳುವುದು ಹೇಗೆ

ನಮ್ಮ ಕಾಸರಗೋಡು ಕಡೆಯ ಮಕ್ಕಳು ಈಗ ಓದಲು ಎಲ್ಲೆಲ್ಲಿಗೋ ಹೋಗುತ್ತಾರೆ. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಮನೆಗಳಲ್ಲಿ ವಿಚಾರಿಸಿದರೆ ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ಇಂಗ್ಲೆಂಡಿನಲ್ಲಿ. ಅಲ್ಲಿ ಅವರು ಓದುವ ಯೂನಿವರ್ಸಿಟಿಯಲ್ಲಿ ಸಂಗೀತದ ವಿಭಾಗವೂ ಇದ್ದರೆ, ಕ್ಲಾಸು ನಡೆಯುವ ತಿಂಗಳುಗಳಲ್ಲಿ ಒಂದಲ್ಲ ಒಂದು ಕಚೇರಿ ಆಗುತ್ತಲೇ ಇರುತ್ತದೆ. ತುಂಬಾ ಕಾರ್ಯಕ್ರಮಗಳಿಗೆ ದುಡ್ಡೇ ಇಲ್ಲ. ನಾನೂ ಅಂಥ ಕಡೆ ಎರಡು ವರ್ಷ ಓದಿದವಳು. ಮೊದಲ ಆರು ತಿಂಗಳು ಆ ಕಟ್ಟಡದ ಎದುರೇ ದಿನಾ ನಡೆದು ಹೋಗುತ್ತಿದ್ದೆ. ಒಳಗೆ ಹೋಗಿರಲಿಲ್ಲ. ಅದು ನಮಗಲ್ಲ, ಅದಕ್ಕೆ ಕೋಟು ಬೂಟು ಬೇಕು, ಅರ್ಥ ಆಗುವುದಿಲ್ಲ ಅಂತ ಅಂದುಕೊಂಡಿದ್ದೆ. ಆ ಆರು ತಿಂಗಳ ಬಗ್ಗೆ ಇವತ್ತಿಗೂ ಬೇಜಾರಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರಲ್ಲೇ ಇರುವವರಿಗೂ ಇದು ಬೇಕು, ಯಾಕೆಂದರೆ ಈಗ ಈ ಕಚೇರಿಗಳಲ್ಲಿ ಎಷ್ಟೋ ನೇರ ಪ್ರಸಾರ ಆಗುತ್ತವೆ.

ಮೊದಲು ಚೇಂಬರ್ ಮ್ಯೂಸಿಕ್ ಅಂದರೇನು ಅಂತ ನೋಡೋಣ. ಕೋಣೆಯಲ್ಲಿ ಕೂತು ನುಡಿಸುವ ಸಂಗೀತ. ಆರ್ಕೆಸ್ಟ್ರಾದಲ್ಲಿ ಎಂಬತ್ತು, ತೊಂಬತ್ತು ಜನ ಇರಬಹುದು, ಎದುರಿಗೆ ಕೋಲು ಹಿಡಿದು ನಡೆಸುವವರೊಬ್ಬರು. ಇಲ್ಲಿ ಹಾಗಲ್ಲ, ಮೂವರೋ ನಾಲ್ವರೋ ಐವರೋ, ಒಬ್ಬೊಬ್ಬರಿಗೂ ಬೇರೆ ಬೇರೆ ಸ್ವರಭಾಗ, ನಡೆಸುವವರು ಇಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ನುಡಿಸಬೇಕು. ನಮಗೆ ಇದು ಹೊಸದಲ್ಲ. ಯಕ್ಷಗಾನದ ಆಟಕ್ಕೂ ತಾಳಮದ್ದಳೆಯ ಕೂಟಕ್ಕೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಆಟದಲ್ಲಿ ವೇಷ, ಬಣ್ಣ, ಕುಣಿತ, ರಂಗಸ್ಥಳ. ಕೂಟದಲ್ಲಿ ಅದು ಯಾವುದೂ ಇಲ್ಲ. ಚಾವಡಿಯಲ್ಲಿ ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಭಾಗವತರು, ಚೆಂಡೆ, ಮದ್ದಳೆ, ಅಷ್ಟೇ. ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರು ಹಿಡಿದು ತಿರುಗಿಸುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜರ್ಮನ್ ಕವಿ ಗಯಟೆ 1829ರಲ್ಲಿ ಗೆಳೆಯ ಝೆಲ್ಟರ್‌ಗೆ ಬರೆದ ಒಂದು ಕಾಗದದಲ್ಲಿ, ನಾಲ್ವರು ತಂತಿವಾದ್ಯ ನುಡಿಸುವ ಸ್ಟ್ರಿಂಗ್ ಕ್ವಾರ್ಟೆಟ್ ಕೇಳುವುದೆಂದರೆ ನಾಲ್ವರು ವಿವೇಕಿಗಳು ತಮ್ಮೊಳಗೆ ಮಾತಾಡಿಕೊಳ್ಳುವುದನ್ನು ಕೇಳಿದ ಹಾಗೆ ಅನ್ನುವ ಅರ್ಥದ ಮಾತು ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜನ ಮನೆಯ ಚಾವಡಿ. ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ಕೂಟದಲ್ಲಿ ಮಾತು ಅಲ್ಲಿಯೇ ಹುಟ್ಟುತ್ತದೆ. ಕ್ವಾರ್ಟೆಟ್‌ನಲ್ಲಿ ಎಲ್ಲ ಸ್ವರವೂ ಬರೆದಿಟ್ಟದ್ದು.

ಈಗ ಹುಡುಕುವ ಕೆಲಸ. ಯೂನಿವರ್ಸಿಟಿಯ ಮುಖ್ಯ ವೆಬ್‌ಸೈಟಿನಲ್ಲಿ ಹುಡುಕಬೇಡಿ, ಅಲ್ಲಿ ಫುಟ್‌ಬಾಲ್‌ನಿಂದ ಹಿಡಿದು ರಕ್ತದಾನದವರೆಗೆ ಎಲ್ಲ ಒಟ್ಟಿಗೆ ಇರುತ್ತದೆ. ಸಂಗೀತ ವಿಭಾಗದ ಪುಟಕ್ಕೇ ಹೋಗಿ, ಅಲ್ಲಿ ಇವೆಂಟ್ಸ್ ಅಥವಾ ಕ್ಯಾಲೆಂಡರ್ ತೆರೆಯಿರಿ. ಮುಂದಿನ ಎರಡು ತಿಂಗಳಿನದ್ದನ್ನು ಒಮ್ಮೆಗೇ ನೋಡಿ. ಅದರಲ್ಲಿ ಬರುವ ಕೆಲವು ಹೆಸರುಗಳು ಗೊತ್ತಿದ್ದರೆ ಕೆಲಸ ಸುಲಭ. ರಿಸೈಟಲ್ ಅಂದರೆ ಒಬ್ಬರದ್ದೋ ಇಬ್ಬರದ್ದೋ ಕಚೇರಿ. ಸ್ಟೂಡೆಂಟ್ ರಿಸೈಟಲ್ ಹೆಚ್ಚಾಗಿ ಡಿಗ್ರಿಯದ್ದೇ ಒಂದು ಭಾಗ, ಅದಕ್ಕೆ ಸಾಮಾನ್ಯವಾಗಿ ಪ್ರವೇಶ ಉಚಿತ. ಫ್ಯಾಕಲ್ಟಿ ರಿಸೈಟಲ್ ಅಂದರೆ ಕಲಿಸುವವರೇ ನುಡಿಸುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಇದು. ಗೆಸ್ಟ್ ಆರ್ಟಿಸ್ಟ್ ಅಂತ ಇದ್ದರೆ ಹೊರಗಿನ ಕಲಾವಿದರು, ಅದಕ್ಕೆ ಟಿಕೆಟ್ ಇರಬಹುದು. ಉಚಿತ, ಆದರೂ ಟಿಕೆಟ್ ಬೇಕು ಅಂತ ಇದ್ದರೆ ಅದನ್ನು ಗಮನಿಸಿ ಮೊದಲೇ ಬುಕ್ ಮಾಡಿ, ಇಲ್ಲವಾದರೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ದೊಡ್ಡ ಕನ್ಸರ್ಟ್ ಹಾಲ್, ಸಣ್ಣ ರಿಸೈಟಲ್ ಹಾಲ್ ಅಂತ ಎರಡಿದ್ದರೆ ಮೊದಲ ಸಲ ಸಣ್ಣದಕ್ಕೇ ಹೋಗಿ. ಹತ್ತಡಿ ದೂರದಲ್ಲಿ ಕೂತು, ಮೈಕ್ ಇಲ್ಲದೆ, ಮರದ ಪೆಟ್ಟಿಗೆಯಿಂದ ನೇರವಾಗಿ ಬರುವ ದನಿ ಕೇಳುವುದಿದೆಯಲ್ಲ, ನಮ್ಮ ಜಾತ್ರೆಯ ಮೈಕಿಗೆ ಒಗ್ಗಿದ ಕಿವಿಗೆ ಅದು ಮೊದಲ ಐದು ನಿಮಿಷ ಸಣ್ಣದು ಅನಿಸಬಹುದು, ಆಮೇಲೆ ಬಿಲ್ಲು ತಂತಿಯನ್ನು ಮುಟ್ಟುವ ಸದ್ದೂ ಕೇಳತೊಡಗುತ್ತದೆ.

ಕಾಲ ಯಾವುದು? ಅಮೆರಿಕದಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರ್ ಮೊದಲ ವಾರಗಳವರೆಗೆ ಒಂದು ಸೀಸನ್, ಜನವರಿ ಕೊನೆಯಿಂದ ಮೇ ಮೊದಲವರೆಗೆ ಇನ್ನೊಂದು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ, ಅದರಲ್ಲೂ ಏಪ್ರಿಲ್‌ನಲ್ಲಿ, ವಿದ್ಯಾರ್ಥಿಗಳ ಕಚೇರಿ ಜಾಸ್ತಿ. ನಮ್ಮ ಯಕ್ಷಗಾನ ಮೇಳಗಳು ಮೇ ಕೊನೆಗೆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ ಅಲ್ವಾ, ಅವರದ್ದು ಅದಕ್ಕಿಂತ ಎರಡು ಮೂರು ವಾರ ಮೊದಲೇ ಮುಗಿಯುತ್ತದೆ. ಇಂಗ್ಲೆಂಡಿನ ಯೂನಿವರ್ಸಿಟಿಗಳಲ್ಲಿ ಲಂಚ್‌ಟೈಮ್ ಕನ್ಸರ್ಟ್ ಅನ್ನುವ ಒಳ್ಳೆಯ ರೂಢಿ ಇದೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಶುರುವಾಗಿ ಐವತ್ತು ನಿಮಿಷ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹೆದರಿಕೆ ಇರುವವರು ಇಲ್ಲಿಂದಲೇ ಶುರು ಮಾಡಬಹುದು.

ಊರಲ್ಲಿ ಕೂತು ಕೇಳುವವರು ಗಂಟೆಯ ಲೆಕ್ಕ ಸರಿಯಾಗಿ ಹಾಕಬೇಕು. ನ್ಯೂಯಾರ್ಕ್ ಕಡೆಯ ಯೂನಿವರ್ಸಿಟಿಯಲ್ಲಿ ಸಂಜೆ 7.30ಕ್ಕೆ ಕಚೇರಿ ಅಂತ ಇದ್ದರೆ ಏಪ್ರಿಲ್‌ನಲ್ಲಿ ನಮಗೆ ಅದು ಮರುದಿನ ಬೆಳಗ್ಗೆ 5.00. ಡಿಸೆಂಬರ್‌ನಲ್ಲಾದರೆ 6.00. ಅವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಮಾಡುತ್ತಾರೆ, ಅದಕ್ಕೆ ಈ ವ್ಯತ್ಯಾಸ. ಇಂಗ್ಲೆಂಡಿನ ಮಧ್ಯಾಹ್ನ ಒಂದು ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 5.30, ಚಳಿಗಾಲದಲ್ಲಿ 6.30. ತಾರೀಕು ಬದಲಾಗುವುದನ್ನು ಮರೆಯಬೇಡಿ, ಅಮೆರಿಕದ ಶುಕ್ರವಾರ ಸಂಜೆಯ ಕಚೇರಿ ನಮಗೆ ಶನಿವಾರ ಮುಂಜಾನೆ. ನನಗೆ ಆ ಬೆಳಗಿನ ಐದು ಗಂಟೆಯ ಕಚೇರಿ ತುಂಬಾ ಇಷ್ಟ. ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರ ತಲೆಯ ಲೈಟು ಗುಡ್ಡದಲ್ಲಿ ಕಾಣುತ್ತಿರುತ್ತದೆ, ಮನೆಯಲ್ಲಿ ಯಾರೂ ಎದ್ದಿರುವುದಿಲ್ಲ, ಕರೆಂಟು ಹೋದರೂ ಫೋನಿನಲ್ಲಿ ಕೇಳಬಹುದು. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ವಯೊಲಿನ್ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೋದ ತಗ್ಗು ದನಿ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಇನ್ನೂರು ರೂಪಾಯಿಯ ಇಯರ್‌ಫೋನ್ ಆದರೂ ಸಾಕು. ಕೆಲವು ಕಡೆ ನೇರ ಪ್ರಸಾರ ಮುಗಿದ ಮೇಲೆ ವಿಡಿಯೋ ತೆಗೆದುಬಿಡುತ್ತಾರೆ, ನಾಳೆ ಕೇಳೋಣ ಅಂತ ಇಟ್ಟುಕೊಳ್ಳಬೇಡಿ.

ಕಾರ್ಯಕ್ರಮದ ಪಟ್ಟಿ ಓದುವುದನ್ನು ಕಲಿಯಲೇಬೇಕು. ಇದು ಬಂದರೆ ಅರ್ಧ ಹೆದರಿಕೆ ಹೋಗುತ್ತದೆ. ಉದಾಹರಣೆಗೆ ಬೀಥೋವನ್, ಸ್ಟ್ರಿಂಗ್ ಕ್ವಾರ್ಟೆಟ್ ಇನ್ ಸಿ ಮೈನರ್, ಓಪಸ್ 18, ನಂಬರ್ 4 ಅಂತ ಇರುತ್ತದೆ. ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ಬೀಥೋವನ್ ಇಂಥವು 16 ಬರೆದಿದ್ದಾರೆ. ಸಿ ಮೈನರ್ ಅನ್ನುವುದು ಆಧಾರ ಸ್ವರ ಮತ್ತು ಸ್ವರಗಳ ಸಾಲು. ಓಪಸ್ ಅಂದರೆ ಅಚ್ಚಾದ ಕೃತಿಗಳ ಕ್ರಮಸಂಖ್ಯೆ. ಮೊಜಾರ್ಟ್‌ಗೆ ಓಪಸ್ ಬದಲು ಕೆ. ಅಂತ, ಶೂಬರ್ಟ್‌ಗೆ ಡಿ. ಅಂತ ಇರುತ್ತದೆ, ಅವರ ಕೃತಿಗಳ ಪಟ್ಟಿ ಮಾಡಿದ ಕೋಶೆಲ್ ಮತ್ತು ಡಾಯ್ಚ್ ಅವರ ಹೆಸರಿನ ಮೊದಲಕ್ಷರ ಅದು. ಅದರ ಕೆಳಗೆ ಮೂರು ಅಥವಾ ನಾಲ್ಕು ಸಾಲು ಇಟಾಲಿಯನ್ ಶಬ್ದಗಳು. ಅಡಾಜಿಯೋ ನಿಧಾನ, ಆಂದಾಂತೆ ನಡಿಗೆಯ ವೇಗ, ಅಲ್ಲೆಗ್ರೋ ಚುರುಕು, ಪ್ರೆಸ್ತೋ ತುಂಬಾ ವೇಗ. ನಮ್ಮ ವಿಳಂಬ, ಮಧ್ಯಮ, ದ್ರುತ ಗೊತ್ತಿದ್ದರೆ ಇದು ಎರಡು ದಿನದ ಕಲಿಕೆ. ಆ ಒಂದೊಂದು ಸಾಲೂ ಒಂದೊಂದು ಮೂವ್‌ಮೆಂಟ್, ಅಂದರೆ ಕೃತಿಯ ಒಂದೊಂದು ಭಾಗ.

ಹೆಸರು ನೋಡಿ ಮೋಸ ಹೋಗಬೇಡಿ. ಪಿಯಾನೋ ಟ್ರಿಯೋ ಅಂದರೆ ಮೂರು ಪಿಯಾನೋ ಅಲ್ಲ, ಪಿಯಾನೋ, ವಯೊಲಿನ್, ಚೆಲ್ಲೋ ಒಂದೊಂದು. ಕ್ಲಾರಿನೆಟ್ ಕ್ವಿಂಟೆಟ್ ಅಂದರೆ ಕ್ವಾರ್ಟೆಟ್‌ನ ನಾಲ್ವರ ಜೊತೆ ಒಂದು ಕ್ಲಾರಿನೆಟ್. ಆದರೆ ವಿಂಡ್ ಕ್ವಿಂಟೆಟ್ ಅಂದರೆ ಐದೂ ಊದುವ ವಾದ್ಯಗಳೇ.

ಚಪ್ಪಾಳೆಯ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಹೆದರುವುದು ಇದಕ್ಕೇ. ಮೂವ್‌ಮೆಂಟ್‌ಗಳ ನಡುವೆ ಚಪ್ಪಾಳೆ ತಟ್ಟುವುದಿಲ್ಲ, ಪೂರ್ತಿ ಕೃತಿ ಮುಗಿದ ಮೇಲೆ ಮಾತ್ರ. ನಾನು ಮೊದಲ ಸಲ ಮೊದಲ ಭಾಗಕ್ಕೇ ತಟ್ಟಿದ್ದೆ, ಸಂತೋಷ ತಡೆಯಲಾಗದೆ. ಯಾರೂ ಬೈಯಲಿಲ್ಲ. ನುಡಿಸುತ್ತಿದ್ದ ಹುಡುಗಿ ನನ್ನ ಕಡೆ ನೋಡಿ ನಕ್ಕಳು. ಹಿಂದೆ ಈ ನಿಯಮ ಇರಲೂ ಇಲ್ಲ. 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಕಾಗದದಲ್ಲಿ ಮೊಜಾರ್ಟ್, ತನ್ನ ಸಿಂಫನಿಯ ಮೊದಲ ಭಾಗ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದರು ಅಂತ ಖುಷಿಯಿಂದ ಬರೆದಿದ್ದಾರೆ. ಈಗಿನ ರೂಢಿ ಬೇರೆ, ಅಷ್ಟೇ. ಸುಲಭದ ದಾರಿ ಎಂದರೆ ಬಿಲ್ಲುಗಳನ್ನು ನೋಡುತ್ತಿರಿ. ನಾಲ್ವರೂ ಬಿಲ್ಲು ಕೆಳಗಿಳಿಸಿ ಮೈ ಸಡಿಲ ಬಿಟ್ಟರೆ ಮುಗಿಯಿತು ಅಂತ. ಹೈಡನ್ ಅವರ ಓಪಸ್ 33, ನಂಬರ್ 2 ಕ್ವಾರ್ಟೆಟ್‌ನಲ್ಲಿ ಕೊನೆಗೆ ಬೇಕಂತಲೇ ನಿಲ್ಲಿಸಿ ನಿಲ್ಲಿಸಿ ಮುಂದುವರಿಸುತ್ತಾರೆ, ಅಲ್ಲಿ ಬಿಲ್ಲು ನೋಡದಿದ್ದರೆ ಯಾರಾದರೂ ತಪ್ಪುತ್ತಾರೆ. ಇನ್ನೊಂದು, ನಮ್ಮ ಕಚೇರಿಗಳಲ್ಲಿ ತೊಡೆ ತಟ್ಟಿ ತಾಳ ಹಾಕುವುದು, ಭಲೇ ಅನ್ನುವುದು ಕಲಾವಿದರಿಗೆ ಹುರುಪು ಕೊಡುತ್ತದೆ, ಅಲ್ಲಿ ಅದು ಬೇಡ. ಬೆರಳಿನಲ್ಲಿ ಮೆಲ್ಲನೆ ಎಣಿಸಿಕೊಳ್ಳಿ. ತಡವಾಗಿ ಹೋದರೆ ಒಂದು ಕೃತಿ ಮುಗಿಯುವವರೆಗೆ ಹೊರಗೆ ಕಾಯಬೇಕು. ಬಟ್ಟೆ ಚೊಕ್ಕಟವಾಗಿದ್ದರೆ ಸಾಕು. ಪಿಯಾನೋ ಕಚೇರಿಯಾದರೆ ಹಾಲಿನ ಎಡಭಾಗದಲ್ಲಿ ಕೂತುಕೊಳ್ಳಿ, ನುಡಿಸುವವರ ಕೈ ಕಾಣುತ್ತದೆ.

ಕೇಳುವುದು ಹೇಗೆ? ಹೋಗುವ ಮೊದಲು ಒಂದು ಕೃತಿಯನ್ನಾದರೂ ಎರಡು ಮೂರು ಸಲ ಕೇಳಿಕೊಂಡು ಹೋಗಿ. ಗೊತ್ತಿಲ್ಲದ ಪ್ರಸಂಗಕ್ಕಿಂತ ಗೊತ್ತಿರುವ ಪ್ರಸಂಗದ ಕೂಟ ಹೆಚ್ಚು ರುಚಿಸುತ್ತದೆ, ಇದೂ ಹಾಗೆಯೇ. ನಮ್ಮ ಕಿವಿಗೆ ಮೊದಲು ಕಷ್ಟ ಆಗುವುದು ತಂಬೂರಿ ಇಲ್ಲದಿರುವುದು. ಹಿಂದಿನಿಂದ ಶ್ರುತಿ ಹಿಡಿದಿಡುವವರು ಯಾರೂ ಇಲ್ಲ, ಅದರ ಜೊತೆಗೆ ನಡುನಡುವೆ ಆಧಾರ ಷಡ್ಜವೇ ಜಾರಿ ಬೇರೆ ಕಡೆ ಹೋದ ಹಾಗೆ ಅನಿಸುತ್ತದೆ. ಅದು ತಪ್ಪಲ್ಲ, ಬೇಕಂತಲೇ ಹಾಗೆ ಬರೆದದ್ದು. ಮನೆಯಿಂದ ಹೊರಟು ಊರು ಸುತ್ತಿ ಮತ್ತೆ ಮನೆಗೇ ಬರುವ ಹಾಗೆ ಕೊನೆಗೆ ಮೊದಲಿನ ಸ್ವರಕ್ಕೇ ಬರುತ್ತಾರೆ. ಆ ವಾಪಸು ಬರುವ ಕ್ಷಣವನ್ನು ಕಾದು ಹಿಡಿಯಿರಿ, ಎಲ್ಲ ಸುಖವೂ ಅಲ್ಲಿದೆ. ಸಂಗೀತ ಕಲಿತವರಿಗೆ ಇನ್ನೂ ಸುಲಭ. ಅವರ ಮೇಜರ್ ಅಂದರೆ ಶಂಕರಾಭರಣದ ಸ್ವರಗಳು. ಮೈನರ್‌ನಲ್ಲಿ ಒಂದು ಬಗೆಗೆ ನಠಭೈರವಿಯ ಸ್ವರಗಳು, ಇನ್ನೊಂದಕ್ಕೆ ಕೀರವಾಣಿಯದ್ದು. ಗಮಕ ಹುಡುಕಬೇಡಿ. ಅದರ ಬದಲು ಒಂದು ವಾದ್ಯವನ್ನು ಹಿಡಿದುಕೊಂಡು ಹಿಂಬಾಲಿಸಿ. ಮೊದಲ ವಯೊಲಿನ್ ಹೇಗೂ ಕೇಳುತ್ತದೆ, ನೀವು ವಿಯೋಲಾವನ್ನು ಹಿಡಿಯಿರಿ. ವಯೊಲಿನ್‌ಗಿಂತ ಸ್ವಲ್ಪ ದೊಡ್ಡದು, ಐದು ಸ್ವರ ಕೆಳಗಿನ ಶ್ರುತಿ, ನಡುವಿನಲ್ಲಿ ಕೂತು ಎರಡೂ ಕಡೆಯ ಮಾತನ್ನು ಹೊಲಿಯುವ ಕೆಲಸ ಅದರದ್ದು.

ಈ ವಯೊಲಿನ್ ನಮ್ಮಲ್ಲಿಗೆ ಬಂದದ್ದೂ ಅಲ್ಲಿಂದಲೇ ತಾನೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿಯನ್ ವಯೊಲಿನ್ ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಅಣ್ಣ ಆ ಕಾಲದ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದರು, ಶಂಕರಾಭರಣದಲ್ಲಿ. ಎಡನೀರು ಮಠದಲ್ಲೋ ಮಧೂರಿನಲ್ಲೋ ನೆಲದ ಮೇಲೆ ಕೂತು ಹಾಡು, ವಯೊಲಿನ್, ಮೃದಂಗದ ಕಚೇರಿ ಕೇಳಿದ ನಮಗೆ ಚೇಂಬರ್ ಮ್ಯೂಸಿಕ್ ದೂರದ್ದು ಅಂತ ನಾನು ಒಪ್ಪುವುದಿಲ್ಲ.

ಹತ್ತಿರದಲ್ಲಿ ಕ್ಯಾಂಪಸ್ ಕಚೇರಿ ಬೇಕೆಂದರೆ ಸ್ಪಿಕ್ ಮೆಕೆ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ. 1977ರಲ್ಲಿ ದೆಹಲಿ ಐಐಟಿಯ ಕಿರಣ್ ಸೇಠ್ ಶುರು ಮಾಡಿದ್ದು. ದೊಡ್ಡ ದೊಡ್ಡ ಕಲಾವಿದರು ವಿದ್ಯಾರ್ಥಿಗಳ ಎದುರು ಕೂತು ಹಾಡುತ್ತಾರೆ, ವಿವರಿಸುತ್ತಾರೆ, ಟಿಕೆಟ್ ಇಲ್ಲ. ನಮಗೆ ಸುರತ್ಕಲ್‌ನ ಎನ್‌ಐಟಿಕೆ ಇದೆ. ಮಂಗಳೂರಿಗೆ ಹೋಗಿ ಉಡುಪಿ ಕಡೆಯ ಬಸ್ಸು ಹತ್ತಿದರೆ ಹೈವೇಯಲ್ಲಿ ಅದರ ಎದುರೇ ಇಳಿಯಬಹುದು. ಕೊಣಾಜೆಯ ಮಂಗಳೂರು ಯೂನಿವರ್ಸಿಟಿಗೆ ಮಂಗಳೂರಿನವರೆಗೆ ಹೋಗುವುದೂ ಬೇಡ, ತೊಕ್ಕೊಟ್ಟಿನಲ್ಲಿ ಇಳಿದು ಕೊಣಾಜೆಯ ಬಸ್ಸು ಹತ್ತಿದರಾಯಿತು. ಅಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವೂ ಇದೆ. ಹೊರಗಿನವರನ್ನು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಗೇಟಿನಲ್ಲಿ ತೋರಿಸಲು ಆಧಾರ್ ಇಟ್ಟುಕೊಳ್ಳಿ. ರಾತ್ರಿ ಕಾಸರಗೋಡಿಗೆ ಬರುವ ಕೊನೆಯ ಬಸ್ಸು ಯಾವಾಗ ಅಂತ ಹೋಗುವಾಗಲೇ ಕಂಡಕ್ಟರ್ ಹತ್ತಿರ ವಿಚಾರಿಸಿ. ಬಸ್ಸಿನ ಗಡಿಬಿಡಿಯಲ್ಲಿ ಮೃದಂಗದವರೇ ನುಡಿಸುವ ತನಿ ಆವರ್ತನದ ನಡುವೆ ಏಳುವುದಕ್ಕಿಂತ ಒಂದು ಕೃತಿ ಮುಗಿದಾಗ ಮೆಲ್ಲನೆ ಹೊರಡುವುದು ಒಳ್ಳೆಯದು.

ಸಮಯ ಇದ್ದರೆ ಕಚೇರಿ ಮುಗಿದ ಕೂಡಲೇ ಹೊರಡಬೇಡಿ. ನುಡಿಸಿದವರ ಹತ್ತಿರ ಹೋಗಿ ಮಾತಾಡಿ. ಓದುವ ಮಕ್ಕಳು ತಮ್ಮ ಒಂದು ಗಂಟೆಯ ರಿಸೈಟಲ್‌ಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ, ಕೇಳಲು ಬಂದವರು ಕೆಲವೊಮ್ಮೆ ಇಪ್ಪತ್ತು ಜನ. ಎರಡನೇ ಭಾಗ ಇಷ್ಟ ಆಯಿತು ಅಂತ ಒಂದು ಮಾತು ಹೇಳಿದರೆ ಅವರ ಮುಖ ಅರಳುತ್ತದೆ. ನಾನು ಹಾಗೆ ಒಮ್ಮೆ ಚೆಲ್ಲೋ ನುಡಿಸುವ ಹುಡುಗನ ಹತ್ತಿರ ಮಾತಾಡುತ್ತಾ ನಿಂತಾಗ ಅವನು ನಿಮ್ಮ ಊರಲ್ಲಿ ಎಂಥ ಸಂಗೀತ ಅಂತ ಕೇಳಿದ. ಫೋನಿನಲ್ಲಿದ್ದ ಒಂದು ಕೂಟದ ರೆಕಾರ್ಡಿಂಗ್ ಹಾಕಿದೆ. ಭಾಷೆ ಗೊತ್ತಿಲ್ಲದೆಯೂ ಹತ್ತು ನಿಮಿಷ ಕೇಳಿದ. ಮದ್ದಳೆಯ ಒಂದು ಮುಕ್ತಾಯ ಬಂದಾಗ ಅವನ ಬೆರಳು ಚೆಲ್ಲೋ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿತ್ತು.